ಫಾರ್ಮ್ಯಾಟ್‌ಗೆ ಹೂಂ ಅನ್ನುವ ಮೊದಲು

ಫೈಲ್ ತೆರೆಯುತ್ತಿಲ್ಲವೆಂದು ಕಂಪ್ಯೂಟರನ್ನು ರಿಪೇರಿಗೆ ಒಯ್ದರೆ ಎಷ್ಟೋ ಕಡೆ ಮೊದಲು ಕೇಳುವುದು ‘ಫಾರ್ಮ್ಯಾಟ್ ಮಾಡ್ಲಾ ಸಾರ್?’ ಎಂದು. ಸದ್ಯಕ್ಕೆ ಬೇಡ ಅನ್ನಿ. ಬಣಕಲ್, ಕೊಟ್ಟಿಗೆಹಾರದ ಕಡೆಯ ತೋಟದ ಮನೆಗಳ ಕಂಪ್ಯೂಟರಿನಲ್ಲಿ ಇರುವುದು ಬರೀ ಫೋಟೊ, ಸಿನಿಮಾ ಅಲ್ಲ. ಚೆಕ್‌ರೋಲ್, ಕಾಫಿ ಮಾರಿದ ಲೆಕ್ಕ, ಸರ್ವೆ ನಕ್ಷೆಯ ಸ್ಕ್ಯಾನ್, ಇಂಚು-ಸೆಂಟಿನಲ್ಲಿ ಬರೆದಿಟ್ಟ ಮಳೆ ಲೆಕ್ಕ ಎಲ್ಲ ಅಲ್ಲೇ. ಇವು ಸಿಗದಿದ್ದಾಗ ಎಷ್ಟೋ ಸಲ ಫೈಲ್ ಡಿಸ್ಕಿನಲ್ಲೇ ಕೂತಿರುತ್ತದೆ. ಅವಸರದ ರಿಪೇರಿಯೇ ಅದನ್ನು ನಿಜವಾಗಿ ಅಳಿಸುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ಖಾಲಿ ಕಂಡರೆ ಗಾಬರಿ ಬೇಡ. ನಿಮ್ಮ ಪ್ರೊಫೈಲ್ ಓದಲಾಗದಿದ್ದಾಗ ವಿಂಡೋಸ್ ಒಂದು ತಾತ್ಕಾಲಿಕ ಪ್ರೊಫೈಲ್ ಕೊಟ್ಟು ಒಳಗೆ ಬಿಡುತ್ತದೆ. ಅದರಲ್ಲಿ ಸೇವ್ ಮಾಡಿದ್ದೆಲ್ಲ ಸೈನ್ ಔಟ್ ಆದೊಡನೆ ಮಾಯ. ಹಾಗಾಗಿ ಏನನ್ನೂ ಸೇವ್ ಮಾಡದೆ ರೀಸ್ಟಾರ್ಟ್ ಮಾಡಿ. ಆಗಲೂ ಖಾಲಿಯಿದ್ದರೆ ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರಿನಲ್ಲಿ ನಿಮ್ಮ ಹಳೇ ಹೆಸರು ಹುಡುಕಿ. ಫೈಲಿನ ಪಕ್ಕ ಮೋಡದ ಗುರುತಿದ್ದರೆ ಅದು ಒನ್‌ಡ್ರೈವ್‌ನಲ್ಲಿದೆ, ನೆಟ್ ಬಂದ ಮೇಲೆಯೇ ತೆರೆಯುತ್ತದೆ. ಕರೆಂಟಿನ ಜೊತೆ ಟವರೂ ಹೋಗುವ ನಮ್ಮೂರಲ್ಲಿ ಬೇಕಾದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸದಾ ಈ ಕಂಪ್ಯೂಟರಿನಲ್ಲೇ ಇರಲಿ ಎಂಬ ಆಯ್ಕೆ ಒತ್ತಿಟ್ಟಿರುವುದು ಒಳ್ಳೆಯದು.

ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಬರುವ ‘ಆಕ್ಸೆಸ್ ಡಿನೈಡ್’ನ ಕತೆ ಬೇರೆ. ಫೈಲಿನ ಒಡೆಯ ಯಾರೆಂಬುದನ್ನು ವಿಂಡೋಸ್ ನೆನಪಿಡುವುದು ಹೆಸರಿನಿಂದಲ್ಲ, ಪ್ರತಿ ಯೂಸರ್ ಖಾತೆಗೂ ತಾನೇ ಕೊಡುವ ಉದ್ದನೆಯ ಸಂಖ್ಯೆಯಿಂದ. ಹೊಸ ಖಾತೆಗೆ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಸಂಖ್ಯೆ ಬೇರೆ. ಹಾಗಾಗಿ ನಿಮ್ಮ ಫೈಲಿಗೆ ನೀವೇ ಹೊರಗಿನವರು. ಅಡ್ಮಿನ್ ಖಾತೆಯಿಂದ ಒಳಬಂದು ಆ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್‌ಗೆ ಹೋಗಿ ‘ಓನರ್’ ಬದಲಿಸಿ, ಒಳಗಿನ ಫೋಲ್ಡರುಗಳಿಗೂ ಅನ್ವಯಿಸಿ. ಅದೂ ನಿಮ್ಮ ಫೋಲ್ಡರಿಗೆ ಮಾತ್ರ. ಇಡೀ ಸಿ ಡ್ರೈವಿಗೆ ಹೀಗೆ ಮಾಡಿದರೆ ವಿಂಡೋಸೇ ಕೆಡಬಹುದು.

ಓನರ್ ಬದಲಿಸಿ ಬಗೆಹರಿಯದ್ದು ಎನ್‌ಕ್ರಿಪ್ಷನ್. ಕಂಪ್ಯೂಟರ್ ಆನ್ ಮಾಡಿದೊಡನೆ ನೀಲಿ ಪರದೆ ಬಂದು ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕೇಳಿದರೆ, ಡಿಸ್ಕಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲಿದೆ ಎಂದರ್ಥ. ಮದರ್‌ಬೋರ್ಡ್ ಬದಲಿಸಿದಾಗ, ಬಯಾಸ್ ಅಪ್‌ಡೇಟ್ ಆದಾಗ ಹೀಗಾಗುವುದುಂಟು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದರೆ, ಹೋಮ್ ಆವೃತ್ತಿಯಲ್ಲೂ ಈ ಬೀಗ ಸಾಮಾನ್ಯವಾಗಿ ತಾನಾಗಿಯೇ ಬೀಳುತ್ತದೆ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸದಕ್ಕೆ ಹೋದವರೆಲ್ಲ ಇದನ್ನು ಗಮನಿಸಬೇಕು. ಬೀಗದ ಕೈ ಇರುವುದು ಮೊದಲು ಸೈನ್ ಇನ್ ಆದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅದು ಬೆಂಗಳೂರಿನಲ್ಲಿರುವ ಮಗನದ್ದಿರಬಹುದು, ಅಂಗಡಿಯ ಹುಡುಗ ಆವತ್ತು ತೆರೆದುಕೊಟ್ಟ ಯಾವುದೋ ಇಮೇಲಿನದ್ದಿರಬಹುದು. ಮೊಬೈಲಿನಿಂದಲೇ ಆ ಖಾತೆಗೆ ಹೋಗಿ ‘ಡಿವೈಸಸ್’ ಭಾಗದಲ್ಲಿ ನೋಡಿ. ಕೀ ಸಿಗದಿದ್ದರೆ ಮೈಕ್ರೋಸಾಫ್ಟಿನವರೂ ತೆರೆದುಕೊಡಲಾರರು. ತೆರೆದುಕೊಡುತ್ತೇನೆಂದು ದುಡ್ಡು ಕೇಳುವವರನ್ನು ನಂಬಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಂದರೆಯಿದೆ. ಹತ್ತಿಪ್ಪತ್ತು ವರ್ಷ ಹಿಂದೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ವೈರಸ್ ಎಂದುಕೊಂಡು ಡಿಲೀಟ್ ಮಾಡಿದವರಿದ್ದಾರೆ. ಫೈಲಿಗೆ ಏನೂ ಆಗಿಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು; ಫಾಂಟ್ ಇಲ್ಲದಾಗ ಅಡಿಯ ಇಂಗ್ಲಿಷ್ ಎದ್ದು ಕಾಣುತ್ತದೆ. ಆ ಫಾಂಟ್ ಹಾಕಿದರೆ ಪತ್ರ ಓದಲು ಬರುತ್ತದೆ. ಆಮೇಲೆ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಮೂಲ ಪ್ರತಿಯನ್ನೂ ಇಟ್ಟುಕೊಳ್ಳಿ. ಅರ್ಕಾವತ್ತು, ಒತ್ತಕ್ಷರಗಳು ಒಮ್ಮೊಮ್ಮೆ ತಪ್ಪುವುದರಿಂದ ಒಂದು ಸಲ ಓದಿ ನೋಡಲೇಬೇಕು.

ಹೂಮಳೆಯ ಹೊತ್ತಿನ ಸಿಡಿಲಿಗೆ ಕಂಪ್ಯೂಟರ್ ಸತ್ತರೆ ಸುಟ್ಟಿರುವುದು ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್ ಮಾತ್ರ ಇರಬಹುದು. ಹಾರ್ಡ್ ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿ ನೋಡಿ. ‘ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಕ್ಯಾನ್ಸಲ್. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಕೂಡಲೇ ಆಫ್ ಮಾಡಿ. ಅಂಥ ಡಿಸ್ಕಿಗೆ ವಿಂಡೋಸಿನ ಡಿಸ್ಕ್ ರಿಪೇರಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಿದರೆ ಉಳಿದದ್ದೂ ಹೋದೀತು. ತಪ್ಪಿ ಡಿಲೀಟ್ ಆದ ಫೈಲ್ ಹಳೇ ಹಾರ್ಡ್ ಡಿಸ್ಕಿನಲ್ಲಿ ಅದರ ಜಾಗದಲ್ಲಿ ಬೇರೇನೂ ಬರೆಯುವವರೆಗೆ ಸಿಗುತ್ತದೆ. ಆದ್ದರಿಂದ ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇಳಿಸಬೇಡಿ. ಎಸ್‌ಎಸ್‌ಡಿಯಲ್ಲಿ ಆ ಆಸೆ ಕಡಿಮೆ: ಅಳಿಸಿದ ಜಾಗವನ್ನು ಅದು ತಾನೇ ಬೇಗ ಖಾಲಿ ಮಾಡಿಕೊಳ್ಳುತ್ತದೆ.

ಮಳೆ ಹಿಡಿಯುವ ಮೊದಲು ಎರಡು ಕೆಲಸ ಮುಗಿಸಿ. ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಪಹಣಿ ಇಡುವ ಕಡೆಯೇ ಇಡಿ. ಫೈಲುಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಹಾಕಿ, ಪ್ರತಿ ಮುಗಿದೊಡನೆ ಅದರ ವೈರ್ ಕಿತ್ತಿಡಿ. ಚುಚ್ಚಿದಂತೆಯೇ ಬಿಟ್ಟ ಡಿಸ್ಕನ್ನು ಸಿಡಿಲು ಕಂಪ್ಯೂಟರಿನ ಜೊತೆಗೇ ಸುಡಬಹುದು.