ಅಭ್ಯರ್ಥಿ ಅಂಜುವುದು ಯಾರಿಗೆ?

ನಮ್ಮಲ್ಲಿ ಪಕ್ಷದ ಟಿಕೆಟ್ ಹಂಚುವುದು ಹೈಕಮಾಂಡ್. ಅಮೆರಿಕದಲ್ಲಿ ಆ ಅಧಿಕಾರ ಬಹುಪಾಲು ಮತದಾರರ ಕೈಯಲ್ಲಿದೆ; ಅದಕ್ಕೆಂದೇ ಪ್ರೈಮರಿ ಎಂಬ ಮೊದಲ ಸುತ್ತಿನ ಚುನಾವಣೆ ನಡೆಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಪ್ರೈಮರಿಗೆ ಬರುವವರು ಕಡಿಮೆ, ಬಂದವರಲ್ಲಿ ಪಕ್ಷದ ಕಟ್ಟಾಳುಗಳೇ ಹೆಚ್ಚು. ಒಂದೇ ಪಕ್ಷದ ಬಿಗಿಹಿಡಿತವಿರುವ ಕಡೆ ಅಲ್ಲಿ ಗೆದ್ದವರೇ ಸಾಮಾನ್ಯವಾಗಿ ನವೆಂಬರಿನ ಅಂತಿಮ ಚುನಾವಣೆಯಲ್ಲೂ ಗೆಲ್ಲುವುದರಿಂದ ಅಭ್ಯರ್ಥಿ ಅಂಜುವುದು ಇಡೀ ಕ್ಷೇತ್ರಕ್ಕಲ್ಲ, ಆ ಸಣ್ಣ ಗುಂಪಿಗೆ. ಅಲಾಸ್ಕಾದ ಹಾಲಿ ಸೆನೆಟರ್ ಲೀಸಾ ಮರ್ಕೌಸ್ಕಿ 2010ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಜೋ ಮಿಲ್ಲರ್ ಎದುರು ಸುಮಾರು 2,000 ಮತಗಳಿಂದ ಸೋತರು. ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡವರಿಗೆ ಅದರಲ್ಲಿ ಮತವಿರಲಿಲ್ಲ. ನವೆಂಬರಿನ ಮತಪತ್ರದಲ್ಲಿ ಮರ್ಕೌಸ್ಕಿ ಹೆಸರು ಅಚ್ಚಾಗಲಿಲ್ಲ. ಬೆಂಬಲಿಗರು ಖಾಲಿ ಗೆರೆಯ ಮೇಲೆ ಆ ತೊಡಕಿನ ಹೆಸರನ್ನು ಕೈಯಾರೆ ಬರೆದು ಪಕ್ಕದ ಗುರುತು ತುಂಬಬೇಕಿತ್ತು. ಕಾಗುಣಿತ ತಪ್ಪಿದ ಮತ ಸಲ್ಲದೆಂದು ಮಿಲ್ಲರ್ ಕೋರ್ಟು ಹತ್ತಿದರು, ಕೋರ್ಟು ಒಪ್ಪಲಿಲ್ಲ. ಪ್ರೈಮರಿ ಹೊರದಬ್ಬಿದವರಿಗೇ ರಾಜ್ಯ ಅತಿ ಹೆಚ್ಚು ಮತ ಕೊಟ್ಟಿತ್ತು.

2020ರ ಜನಮತಗಣನೆಯಲ್ಲಿ ಅಲಾಸ್ಕಾ ನಿಯಮವನ್ನೇ ಬದಲಿಸಿತು. ಈಗ ಎಲ್ಲ ಪಕ್ಷಗಳಿಗೂ ಒಂದೇ ಪ್ರೈಮರಿ, ಮೊದಲ ನಾಲ್ವರು ಮುಂದಿನ ಸುತ್ತಿಗೆ. ಅಲ್ಲಿ, ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿರುವಂತೆ, ಪ್ರಾಶಸ್ತ್ಯದ ಮತ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚುತ್ತಾರೆ. 2021ರ ವಾಗ್ದಂಡನೆ ವಿಚಾರಣೆಯಲ್ಲಿ ಟ್ರಂಪ್ ದೋಷಿಯೆಂದು ಮತ ಹಾಕಿದ ಏಳು ರಿಪಬ್ಲಿಕನ್ ಸೆನೆಟರುಗಳಲ್ಲಿ ಮರುವರ್ಷವೇ ಮತ್ತೆ ಸ್ಪರ್ಧಿಸಿದ್ದು ಮರ್ಕೌಸ್ಕಿ ಒಬ್ಬರೇ. ರಾಜ್ಯದ ರಿಪಬ್ಲಿಕನ್ ಪಕ್ಷ ಎದುರಾಳಿ ಕೆಲ್ಲಿ ಶಿಬಾಕಾ ಅವರ ಬೆನ್ನಿಗೆ ನಿಂತಿತು. ಮೊದಲ ಪ್ರಾಶಸ್ತ್ಯದಲ್ಲಿ ಇಬ್ಬರ ಅಂತರ ಶೇ. 1ರಷ್ಟೂ ಇರಲಿಲ್ಲ. ಡೆಮಾಕ್ರಟ್ ಅಭ್ಯರ್ಥಿಯ ಮತಗಳು ಹಂಚಿಕೆಯಾದ ಮೇಲೆ ಮರ್ಕೌಸ್ಕಿ ಸುಮಾರು ಶೇ. 54 ಪಡೆದು ಗೆದ್ದರು. ಹಳೆಯ ಪ್ರೈಮರಿಯಾಗಿದ್ದರೆ ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡವರ ಮತಗಳಿಗೆ ಆ ಸುತ್ತಿನಲ್ಲಿ ಅವರವರೆಗೆ ತಲುಪುವ ದಾರಿಯೇ ಇರಲಿಲ್ಲ.

ಈ ನಿಯಮಕ್ಕಿರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು 2022ರ ಆಗಸ್ಟಿನಲ್ಲಿ ಪ್ರತಿನಿಧಿ ಸಭೆಯ ಸ್ಥಾನಕ್ಕೆ ನಡೆದ ಉಪಚುನಾವಣೆಯದು. ಡೆಮಾಕ್ರಟ್ ಮೇರಿ ಪೆಲ್ಟೋಲಾ ಎದುರು ಇಬ್ಬರು ರಿಪಬ್ಲಿಕನ್ನರು: ಸಾರಾ ಪೇಲಿನ್, ನಿಕ್ ಬೆಗಿಚ್. ಮೂರನೆಯವರಾದ ಬೆಗಿಚ್ ಹೊರಬಿದ್ದರು, ಪೆಲ್ಟೋಲಾ ಗೆದ್ದರು. ಮತಪತ್ರಗಳನ್ನು ಮತ್ತೆ ಲೆಕ್ಕ ಹಾಕಿ ನೋಡಿದರೆ, ಒಬ್ಬರಿಗೊಬ್ಬರ ಪೈಪೋಟಿಯಲ್ಲಿ ಬೆಗಿಚ್ ಇಬ್ಬರನ್ನೂ ಸೋಲಿಸುತ್ತಿದ್ದರು. ಇದು ನಿಜವಾದ ದೋಷ. ಆದರೆ ದೋಷವಿರುವುದು ಎಣಿಕೆಯ ಕ್ರಮದಲ್ಲಿ, ಪ್ರೈಮರಿಯನ್ನು ಎಲ್ಲರಿಗೂ ತೆರೆದದ್ದರಲ್ಲಲ್ಲ. ರಿಪಬ್ಲಿಕನ್ನರಷ್ಟೇ ಆರಿಸಿದ್ದರೂ ಮುಂದಿದ್ದ ಪೇಲಿನ್ ಅವರೇ ಕಣಕ್ಕಿಳಿಯುವ ಸಂಭವ ಹೆಚ್ಚಿತ್ತು. ಈ ನಿಯಮ ಡೆಮಾಕ್ರಟರ ತಂತ್ರವೆಂಬ ದೂರಂತೂ ನಿಲ್ಲುವುದಿಲ್ಲ: 2024ರಲ್ಲಿ ಇದೇ ನಿಯಮದಡಿ ಬೆಗಿಚ್ ಪೆಲ್ಟೋಲಾರನ್ನು ಸೋಲಿಸಿದರು. ಪ್ರೈಮರಿಯಲ್ಲಿ ಮೂರನೆಯ ಸ್ಥಾನಕ್ಕೆ ಬಂದ ರಿಪಬ್ಲಿಕನ್ ನ್ಯಾನ್ಸಿ ಡಾಲ್‌ಸ್ಟ್ರಮ್ ಆ ಸಲ ತಾವಾಗಿಯೇ ಕಣದಿಂದ ಹಿಂದೆ ಸರಿದಿದ್ದರು. ಅದೇ ದಿನ ಈ ನಿಯಮವನ್ನೇ ರದ್ದುಮಾಡುವ ಪ್ರಸ್ತಾವವೂ ಮತಕ್ಕೆ ಬಂದಿತ್ತು. ಅದು ಬಿದ್ದುಹೋದದ್ದು ಸಾವಿರಕ್ಕೂ ಕಡಿಮೆ ಮತಗಳಿಂದ.