ನಮ್ಮ ನಂತರ ಮಗುವಿಗೆ ಯಾರು?

ಮಗುವಿಗೆ ನಡೆಯಲು ಬಾರದು, ಮಾತು ಬಾರದು, ಜೊತೆಗೆ ಆಗಾಗ ಫಿಟ್ಸ್. ಹೀಗೆ ಹಲವು ತೊಂದರೆಗಳು ಒಂದೇ ಮಗುವಿನಲ್ಲಿ ಸೇರಿದಾಗ ಅದನ್ನು ಬಹುವಿಧ ಅಂಗವೈಕಲ್ಯ ಎನ್ನುತ್ತಾರೆ. ಅಂಥ ಮಗುವನ್ನು ಸಾಕುತ್ತಿರುವ ತಂದೆತಾಯಿಯರನ್ನು ಒಂದು ಪ್ರಶ್ನೆ ಹಗಲಿರುಳೂ ಕಾಡುತ್ತದೆ: “ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ?” ಇದಕ್ಕೆ ಮುಪ್ಪಿನಲ್ಲಿ ಉತ್ತರ ಹುಡುಕಿದರೆ ತಡವಾಗುತ್ತದೆ. ಮಗು ಚಿಕ್ಕದಿರುವಾಗಲೇ ಮನೆಯಿಂದಲೇ ಸಿದ್ಧತೆ ಆರಂಭಿಸಬೇಕು.

ತಾಯಿಯೊಬ್ಬಳೇ ಸಾಲದು

ಬಹುತೇಕ ಮನೆಗಳಲ್ಲಿ ಮಗುವಿಗೆ ಉಣಿಸುವುದು, ಔಷಧ ಕೊಡುವುದು, ಅದರ ಸನ್ನೆ ತಿಳಿಯುವುದು ತಾಯಿಗೆ ಮಾತ್ರ ಗೊತ್ತು. ಆಕೆಗೆ ಎರಡು ದಿನ ಜ್ವರ ಬಂದರೆ ಮನೆಯೇ ಕಂಗಾಲು. ಸಾಲದ್ದಕ್ಕೆ “ಗ್ರಹಣದ ದಿನ ಹೊರಗೆ ಬಂದಿದ್ದೆಯಾ?” ಎಂಬ ನೆಂಟರ ಮಾತು ಬೇರೆ. ಹುಟ್ಟುವಾಗ ಉಸಿರು ಕಟ್ಟುವುದು, ದಿನ ತುಂಬದೆ ಹುಟ್ಟುವುದು, ತೀವ್ರ ಕಾಮಾಲೆ, ಮೆದುಳಿನ ಸೋಂಕು, ವಂಶವಾಹಿ ದೋಷ, ಇವು ಇಂಥ ತೊಂದರೆಗಳಿಗೆ ವೈದ್ಯರು ಗುರುತಿಸುವ ಕಾರಣಗಳು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದ್ದರಿಂದ ಮೊದಲ ಕೆಲಸ, ಇನ್ನೊಬ್ಬರನ್ನು ತಯಾರು ಮಾಡುವುದು. ತಂದೆ, ಅಜ್ಜಿ, ಚಿಕ್ಕಮ್ಮ, ನಂಬಿಕೆಯ ನೆರೆಯವರು, ಯಾರಾದರೂ ಸರಿ. ಅವರಿಗೆ ಎರಡು ವಿಷಯ ಚೆನ್ನಾಗಿ ಕಲಿಸಿ.

ಒಂದು, ಊಟ. ಮಲಗಿಸಿ ಉಣಿಸಿದರೆ ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಬೆನ್ನು ನೆಟ್ಟಗೆ, ತಲೆ ತುಸು ಮುಂದಕ್ಕೆ ಇರುವಂತೆ ಕೂರಿಸಿ, ಮೆತ್ತಗಿನ ಆಹಾರವನ್ನು ಸ್ವಲ್ಪ ಸ್ವಲ್ಪವೇ ಕೊಡಬೇಕು. ಉಂಡ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಪ್ರತಿ ಊಟದಲ್ಲೂ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಿ.

ಎರಡು, ಫಿಟ್ಸ್. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಇವೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ಹಸಿವಾದರೆ ಏನು ಸನ್ನೆ, ಹೇಗೆ ಸಮಾಧಾನ ಮಾಡಬೇಕು. ನೀವಿಲ್ಲದ ಹೊತ್ತಿನಲ್ಲಿ ಮಗುವಿನ ಪರವಾಗಿ ಮಾತಾಡುವುದು ಈ ಪುಸ್ತಕವೇ.

ಹೊರಗಿನ ನೆರವು

ವೈದ್ಯರ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಬಹಳಷ್ಟು ಸೌಲಭ್ಯಗಳಿಗೆ ಇವೇ ಬಾಗಿಲು. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿ.ಆರ್.ಡಬ್ಲ್ಯು. ಅವರನ್ನು ಕೇಳಬಹುದು. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಫಿಟ್ಸ್ ಮತ್ತು ನರಸಂಬಂಧಿ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಬಹುವಿಧ ಅಥವಾ ತೀವ್ರ ವೈಕಲ್ಯವಿದ್ದರೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಕೊಟ್ಟಿದೆ. ಅದು ತಂದೆತಾಯಿಯ ಆಯ್ಕೆ. ಮಗುವನ್ನು ಹೊರಗಿಡಲು ಶಾಲೆಗೆ ಸಿಕ್ಕ ನೆಪವಲ್ಲ.

ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಉಳ್ಳವರಿಗಾಗಿ ಇರುವ ಈ ವಿಮೆಗೆ ಸೇರಲು ಮುಂಚಿತ ವೈದ್ಯಕೀಯ ತಪಾಸಣೆ ಬೇಕಿಲ್ಲ.

18 ತುಂಬಿದ ಮೇಲೆ

ಈ ವಿಷಯ ಎಷ್ಟೋ ಮಂದಿಗೆ ತಿಳಿದಿಲ್ಲ. ಮಗನಿಗೋ ಮಗಳಿಗೋ 18 ತುಂಬಿದರೆ ಕಾನೂನಿನ ಪ್ರಕಾರ ಅವರು ವಯಸ್ಕರು. ಆಸ್ತಿ, ಬ್ಯಾಂಕಿನ ವ್ಯವಹಾರಗಳಲ್ಲಿ ಆಮೇಲೆ ತಂದೆತಾಯಿಯ ಸಹಿ ತಾನಾಗಿಯೇ ಸಲ್ಲುವುದಿಲ್ಲ. ಮೇಲೆ ಹೇಳಿದ ನಾಲ್ಕು ಬಗೆಯ ವೈಕಲ್ಯ ಉಳ್ಳವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು ನೇಮಿಸಬಹುದು. ತಂದೆತಾಯಿ ಅಥವಾ ಬಂಧುಗಳು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಅದರಲ್ಲಿ ಜಿಲ್ಲಾಧಿಕಾರಿಗಳೂ ಇರುತ್ತಾರೆ.

“ಪೋಷಕನಾದವನೇ ಆಸ್ತಿ ನುಂಗಿದರೆ?” ಎಂದು ನೀವು ಕೇಳಬಹುದು. ನೇಮಕವಾದ 6 ತಿಂಗಳೊಳಗೆ ಆತ ಸ್ಥಿರಾಸ್ತಿಯ ಪಟ್ಟಿ ಒಪ್ಪಿಸಬೇಕು, ಪ್ರತಿ ವರ್ಷ ಲೆಕ್ಕ ಕೊಡಬೇಕು. ಅಲಕ್ಷ್ಯ ಮಾಡಿದರೆ, ಆಸ್ತಿ ದುರುಪಯೋಗ ಮಾಡಿಕೊಂಡರೆ ಅವನನ್ನು ತೆಗೆದುಹಾಕಲು ಕಾಯ್ದೆಯಲ್ಲಿ ಅವಕಾಶವಿದೆ.

ಅಣ್ಣನೋ ಅಕ್ಕನೋ ನೋಡಿಕೊಳ್ಳುತ್ತಾರೆ ಎಂದು ನೀವೇ ತೀರ್ಮಾನಿಸಿಬಿಡಬೇಡಿ. ಅವರಿಗೂ ಸಂಸಾರವಿರುತ್ತದೆ. ಕೂರಿಸಿ ಕೇಳಿ, ಅವರು ಒಪ್ಪಿದಷ್ಟನ್ನೇ ಅವರ ಪಾಲಿಗೆ ಬಿಡಿ.

ನಿಮ್ಮ ಮನೆಯಲ್ಲಿ ಇಂಥ ಮಗು ಇಲ್ಲದಿದ್ದರೆ, ನಿಮ್ಮ ಬೀದಿಯಲ್ಲಿ ಇರಬಹುದು. ಆ ತಾಯಿಗೆ ಮರುಕದ ಮಾತಿಗಿಂತ ವಾರಕ್ಕೆ ಎರಡು ಗಂಟೆಯ ಬಿಡುವು ಹೆಚ್ಚು ಬೇಕಾಗಿದೆ. ಹೋಗಿ, ಮಗುವಿಗೆ ಉಣಿಸುವುದು ಹೇಗೆಂದು ಆಕೆಯಿಂದಲೇ ಕಲಿತುಕೊಳ್ಳಿ.