ಲೇಬರ್ ಚಾರ್ಜ್ ಯಾರ ಕೂಲಿ?

ಪ್ರಶ್ನೆ: ಬೀದಿ ಗ್ಯಾರೇಜಿನ ಕೂಲಿಗೂ ಶೋರೂಮಿನ ಸರ್ವೀಸ್ ಬಿಲ್ಲಿನ ‘ಲೇಬರ್’ ಮೊತ್ತಕ್ಕೂ ಯಾಕಿಷ್ಟು ಅಂತರ?

ಉತ್ತರ: ಬಿಲ್ಲಿನಲ್ಲಿ ಲೇಬರ್ ಎಂದಿದ್ದರೂ ಅದೆಲ್ಲ ಮೆಕ್ಯಾನಿಕ್‌ನ ಕೈಸೇರುವ ದುಡ್ಡಲ್ಲ. ಹೊಸ ಕಾರು ಮಾರಿದರೆ ಡೀಲರಿಗೆ ಉಳಿಯುವ ಲಾಭ ತೆಳು. ಅದರಲ್ಲೂ ಒಂದಿಷ್ಟು ಡಿಸ್ಕೌಂಟಿಗೆ ಹೋಗುತ್ತದೆ. ಹಾಗಾಗಿ ಮುಖ್ಯರಸ್ತೆಯ ಬಾಡಿಗೆ, ಸರ್ವೀಸ್ ಅಡ್ವೈಸರುಗಳ ಸಂಬಳ, ಕಂಪನಿ ಕಡ್ಡಾಯ ಮಾಡಿದ ಸ್ಕ್ಯಾನರು, ತರಬೇತಿ, ಕಾಯುವಾಗ ನೀವು ಕುಡಿದ ‘ಉಚಿತ’ ಕಾಫಿ ಎಲ್ಲದರ ಖರ್ಚೂ ವರ್ಕ್‌ಶಾಪಿನ ತಲೆಮೇಲೆ. ಮೇಲಾಗಿ ಎಷ್ಟೋ ಕೆಲಸಗಳಿಗೆ ದರ ಮೊದಲೇ ಗೊತ್ತುಮಾಡಿದ್ದು. ಕೈಚಳಕದವನು ಬೇಗ ಮುಗಿಸಿದರೂ ಉಳಿತಾಯ ನಿಮಗಲ್ಲ. ಅದರ ಮೇಲೆ ಶೇ. 18 ಜಿಎಸ್‌ಟಿ.

ಪರಿಣತಿಗೆ ಬೆಲೆ ಬೇಡವೇ ಎಂದು ಡೀಲರು ಕೇಳಬಹುದು. ಏರ್‌ಬ್ಯಾಗ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಂಥ ಕೆಲಸಕ್ಕೆ ಆ ಮಾತು ನ್ಯಾಯವೇ. ಆದರೆ ಆಯಿಲ್, ಫಿಲ್ಟರ್ ಬದಲಿಸಲು ಅಷ್ಟು ವಿದ್ಯೆ ಬೇಕಿಲ್ಲ. ಅಲ್ಲಿ ದರ ಏರಿಸುವುದು ಪೈಪೋಟಿಯ ಕೊರತೆ, ಜೊತೆಗೆ ಹೊರಗೆ ಮಾಡಿಸಿದರೆ ವಾರಂಟಿ ಹೋದೀತೆಂಬ ಭಯ. ಇದು ಬರೀ ಗುಮಾನಿಯಲ್ಲ: ಬಿಡಿಭಾಗ, ರಿಪೇರಿ ಮಾಹಿತಿಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ್ದಕ್ಕೇ ಸಾರಾಸಗಟಾಗಿ ವಾರಂಟಿ ರದ್ದುಮಾಡುವ ಷರತ್ತು ಕೂಡದೆಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವೆನ್ನಿ. ಅಷ್ಟರಲ್ಲಿ ನೀವು ಮಾಡಬಹುದಾದದ್ದು, ಗಾಡಿ ಒಪ್ಪಿಸುವಾಗಲೇ ಎಸ್ಟಿಮೇಟ್ ಕೇಳಿ, ಸರ್ವೀಸ್ ಪುಸ್ತಕದಲ್ಲಿಲ್ಲದ ಕೋಟಿಂಗ್, ಪಾಲಿಶ್‌ಗಳನ್ನು ಹೊಡೆದುಹಾಕಿಸುವುದು.